ರಾಚಪ್ಪಾಜಿಯ ಮೂಲಪ್ರತಿ

ಕಲಿತದ್ದನ್ನು ಮರೆಯುವುದು ಕಷ್ಟ ಎನ್ನುವವರು ನಮ್ಮ ಕೇಂದ್ರಕ್ಕೆ ಬಂದವರಲ್ಲ. ಮೂವತ್ತು ವರ್ಷ ಒಂದೇ ರೀತಿಯಲ್ಲಿ ಸೌಟು ಹಿಡಿದ ಕೈಗೂ ಇಪ್ಪತ್ತೊಂದು ದಿನದಲ್ಲಿ ಬೇರೆ ಹಿಡಿತ ಕಲಿಸಿ ಕಳಿಸುತ್ತಿದ್ದೆವು. ಆಮೇಲೆ ಅವರು ಹಳೆಯದನ್ನು ಎಷ್ಟು ನೆನಪು ಮಾಡಿಕೊಂಡರೂ ಕೈ ಮಾತು ಕೇಳುತ್ತಿರಲಿಲ್ಲ.

ಯಂತ್ರದ ಹೆಸರು ಗುರುಕವಚ. ನೋಡಲು ಕುತ್ತಿಗೆಯಿಂದ ಮಂಡಿಯವರೆಗಿನ ಒಂದು ಬಿಗಿ ಅಂಗಿ, ಅಷ್ಟೆ. ನಾವು ಯಾವುದೇ ಕೆಲಸ ಮಾಡುವಾಗ ಯಾವ ಸ್ನಾಯು ಮೊದಲು ಬಿಗಿಯಬೇಕು, ಯಾವುದು ಆಮೇಲೆ, ಎಷ್ಟು ಎಂಬ ಕ್ರಮವನ್ನು ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು ಕಾಪಾಡಿಕೊಂಡಿರುತ್ತದೆ. ಸೈಕಲ್ಲು ತುಳಿಯುವಾಗ ಯಾರೂ ಯೋಚಿಸದಿರುವುದು ಅದಕ್ಕೇ. ಮೂಗಿಗೆ ಒಂದು ಔಷಧ ಸಿಂಪಡಿಸಿದರೆ ಆ ಕ್ರಮ ನಾಲ್ಕು ಗಂಟೆ ಹೊತ್ತು ಕಲಸಿದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಆಗ ಕವಚ, ದೇಹ ತಾನಾಗಿ ಹೊರಡುವುದಕ್ಕೆ ರೆಪ್ಪೆ ಬಡಿಯುವಷ್ಟು ಮುಂಚೆ, ಸರಿಯಾದ ಸ್ನಾಯುವನ್ನು ತಾನೇ ಬಿಗಿಯುತ್ತದೆ. ದಿನಕ್ಕೆ ಆರುನೂರು ಸಲ ಹೀಗೆ ಮಾಡಿದರೆ ಹೊಸ ಕ್ರಮ ಹಳೆಯದರ ಜಾಗದಲ್ಲಿ ಕೂತುಬಿಡುತ್ತದೆ. ಪಕ್ಕದಲ್ಲಿ ಅಲ್ಲ, ಅದರ ಜಾಗದಲ್ಲೇ. ಇಷ್ಟು ವಿಜ್ಞಾನ ಗೊತ್ತಿದ್ದರೆ ಸಾಕು.

ನಾಲ್ಕೈದು ವರ್ಷದಲ್ಲಿ ಮೈಸೂರಿನ ಅರ್ಧ ಊರು ಕವಚ ತೊಟ್ಟು ಬಂದಿತ್ತು. ಹೊಲಿಗೆಯವರು, ಬಸ್ ಡ್ರೈವರುಗಳು, ಹಲ್ಲಿನ ಡಾಕ್ಟರುಗಳು, ಪಿಟೀಲು ಕಲಿಯುವ ಮಕ್ಕಳು, ಎಲ್ಲರೂ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯನ್ನು ನಾವು ಸುಡದೆಯೇ ಸುಳ್ಳು ಮಾಡಿದ್ದೇವೆ ಎಂದು ನಮ್ಮ ನಿರ್ದೇಶಕ ಶೇಷಗಿರಿಯವರು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ನಾನೂ ಮಂಡಿನೋವಿಗೆಂದು ಹೊಸ ನಡಿಗೆ ಕಲಿತಿದ್ದೆ. ನೋವು ಹೋಯಿತು, ನಿಜ. ಆದರೆ ಮೊದಲ ವಾರ ನಾನು ಮೆಟ್ಟಿಲು ಹತ್ತಿ ಬಂದಾಗಲೆಲ್ಲ ನನ್ನ ಗಂಡ ಒಳಗಿನಿಂದಲೇ "ಯಾರು?" ಅಂತ ಕೇಳುತ್ತಿದ್ದರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಮನುಷ್ಯ. ಇಬ್ಬರೂ ನಕ್ಕು ಸುಮ್ಮನಾಗಿದ್ದೆವು.

ಹಳೆಯದು ಹೋಗಿಬಿಡುತ್ತದಲ್ಲ ಎಂಬ ಹೆದರಿಕೆ ಜನರಿಗೆ ಇದ್ದೇ ಇತ್ತು. ಅದಕ್ಕೆಂದೇ ಮೂಲಪ್ರತಿ ಎಂಬ ಏರ್ಪಾಡು ಮಾಡಿದವಳು ನಾನು. ಪಾಠ ಶುರುವಾಗುವ ಮೊದಲು ಅವರವರ ಸ್ವಂತ ರೀತಿಯನ್ನು ಕವಚದಲ್ಲೇ ದಾಖಲು ಮಾಡಿ ಇಟ್ಟುಕೊಳ್ಳುತ್ತಿದ್ದೆವು. 'ಬೇಡವೆನಿಸಿದರೆ ಆರು ತಿಂಗಳೊಳಗೆ ನಿಮ್ಮದನ್ನು ನಿಮಗೇ ಹಿಂತಿರುಗಿಸುತ್ತೇವೆ' ಎಂಬ ಸಾಲು ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿತ್ತು. ಆ ಸಾಲು ನನ್ನದು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ರಾಚಪ್ಪಾಜಿ ಬಂದದ್ದು ಕರ್ನಲ್ ಬೋಪಯ್ಯನವರ ಕಾರಿನಲ್ಲಿ. ಕರ್ನಲ್ ಬೆಟ್ಟದ ತಪ್ಪಲಿನ ಒಂದು ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿ. ರಾಚಪ್ಪಾಜಿ ಅಲ್ಲಿ ಹದಿನಾಲ್ಕನೇ ವಯಸ್ಸಿನಿಂದ ಮೆಂಬರುಗಳ ಚೀಲ ಹೊತ್ತು, ಕ್ಯಾಡಿಯಾಗಿದ್ದುಕೊಂಡೇ ಆಟ ಕಲಿತವನು. ಈಗ ಮೂವತ್ತಾರು. ಬೆಳಿಗ್ಗೆ ಮೆಂಬರುಗಳಿಗೆ ಹೇಳಿಕೊಡುತ್ತಿದ್ದ, ವರ್ಷಕ್ಕೆ ಆರೇಳು ದೊಡ್ಡ ಪಂದ್ಯಗಳಲ್ಲಿ ವೃತ್ತಿಪರನಾಗಿ ಆಡುತ್ತಿದ್ದ. ಅವನ ಹೊಡೆತದ ಬಗ್ಗೆ ಕರ್ನಲ್ ದಾರಿಯುದ್ದಕ್ಕೂ ಮಾತಾಡಿಕೊಂಡೇ ಬಂದರಂತೆ. ಚೆಂಡು ಮೊದಲು ಎತ್ತಲೋ ಹೋಗುತ್ತದೆ, ಕಳೆದೇ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಗಾಳಿಯಲ್ಲೇ ಮನಸ್ಸು ಬದಲಾಯಿಸಿದ ಹಾಗೆ ತಿರುಗಿ ಬಂದು ಗುಳಿಯ ಹತ್ತಿರ ಬೀಳುತ್ತದೆ, ಯಾರೂ ಕಲಿಸಿದ್ದಲ್ಲ, ಹಾಗೆಲ್ಲ ಹೊಡೆಯಬಾರದು ಎಂದು ಪುಸ್ತಕದಲ್ಲಿ ಬರೆದಿರುವುದನ್ನೆಲ್ಲ ಇವನು ಮಾಡುತ್ತಾನೆ, ಎಂದು ನನಗೂ ಹೇಳಿದರು. ತೊಂದರೆ ಒಂದೇ. ಒಂದು ವರ್ಷದಿಂದ ಸೊಂಟ ನೋವು. ಕೆಲವು ದಿನ ಬೆಳಿಗ್ಗೆ ಬಗ್ಗಿ ಶೂ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ.

ಮೂಲಪ್ರತಿ ದಾಖಲಿಸುವ ದಿನ ಕರ್ನಲ್ಲರ ಜೊತೆ ಇಬ್ಬರು ಮೆಂಬರುಗಳೂ ಬಂದು ಗೋಡೆಯ ಪಕ್ಕದ ಸೋಫಾದಲ್ಲಿ ಕೂತರು. ಕಾಫಿ ತರಿಸಿದೆವು. ರಾಚಪ್ಪಾಜಿ ಟೋಪಿ ತೆಗೆದು ಬೆಂಚಿನ ಮೇಲಿಟ್ಟ. ಕವಚ ತೊಟ್ಟು, ಬಲೆಯ ಎದುರು ನಿಂತು, ನಲವತ್ತು ಚೆಂಡು ಹೊಡೆದ. ಚೆಂಡು ಬಲೆಗೇ ಬೀಳುತ್ತಿದ್ದರಿಂದ ಅದು ಎತ್ತ ತಿರುಗುತ್ತಿತ್ತೆಂದು ಮೆಂಬರುಗಳ ಜೊತೆ ಮಾತಿನಲ್ಲಿದ್ದ ಕರ್ನಲ್ಲರಿಗೂ ಕಾಣುವಂತಿರಲಿಲ್ಲ. ಒಂದೊಂದು ಹೊಡೆತ ಆದ ಮೇಲೂ ಸ್ಟಿಕ್ಕಿನ ತಲೆಯನ್ನು ಟವಲಿನಿಂದ ಒರೆಸಿ, ಕೈ ಮುಂದೆ ಕಟ್ಟಿ, ಮುಂದಿನ ಚೆಂಡಿಗೆ ಹೇಳುವವರೆಗೆ ಕಾಯುತ್ತಿದ್ದ. ನಾನು ಜೀವಮಾನದಲ್ಲಿ ಗಾಲ್ಫ್ ನೋಡಿದವಳಲ್ಲ. ಕರ್ನಲ್ ಅಷ್ಟು ಹೊಗಳಿದ್ದು ಇದನ್ನೇನಾ ಎಂದು ಒಳಗೊಳಗೇ ಅನ್ನಿಸಿತು. ಆದರೆ ಗೊತ್ತಿಲ್ಲದ ವಿಷಯಕ್ಕೆ ತಲೆ ಹಾಕಬಾರದು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಆ ಸಭ್ಯತೆಗೆ ಇವತ್ತಿಗೂ ನನ್ನನ್ನು ಶಪಿಸಿಕೊಳ್ಳುತ್ತೇನೆ.

ಲೆಕ್ಕ ಹಾಕುವ ಯಂತ್ರ ಸಂಜೆಯೊಳಗೆ ತೀರ್ಪು ಕೊಟ್ಟಿತು. ಮೈ ತಿರುಗುವಾಗ ಅರ್ಧ ದಾರಿಯಲ್ಲಿ ತಡೆದು, ಮತ್ತೆ ಮಣಿಕಟ್ಟಿನ ಬಲದಿಂದ ಬಿಡುವುದರಿಂದ ಬೆನ್ನುಮೂಳೆಯ ಕೆಳಭಾಗಕ್ಕೆ ಪ್ರತಿ ಸಲವೂ ಪೆಟ್ಟು ಬೀಳುತ್ತಿದೆ. ಹೀಗೇ ಆಡಿದರೆ ಮೂರು ವರ್ಷಕ್ಕೆ ಮೂಳೆಗಳ ನಡುವಿನ ಮೆತ್ತೆ ಮುಗಿಯುತ್ತದೆ. ಆಮೇಲೆ ಆಟವಿರಲಿ, ನೆಟ್ಟಗೆ ಕೂರುವುದೂ ಕಷ್ಟ. ಎಲ್ಲರಿಗೂ ಕಲಿಸಲೆಂದು ನಮ್ಮ ಬಳಿಯಿದ್ದ ಕಲಿಕೆಯ ಸ್ವಿಂಗು, ಅಂದರೆ ಸ್ಟಿಕ್ಕು ಬೀಸುವ ರೀತಿ, ಸೊಂಟಕ್ಕೆ ಹಗುರ. ದೂರಕ್ಕೂ ಗುರಿಗೂ ಪ್ರಪಂಚದಲ್ಲೇ ಒಳ್ಳೆಯದೆಂದು ಒಪ್ಪಿದ ಪದ್ಧತಿ.

ಒಂದು ಭಾನುವಾರ ಬೆಳಿಗ್ಗೆ ಒಪ್ಪಿಗೆ ಪತ್ರ ಹಿಡಿದು ನಾನೇ ಅವನ ಮನೆಗೆ ಹೋದೆ. ಬೆಟ್ಟದ ಆಚೆ ಬದಿಯ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಮಾದೇವಿ ಒಂದು ಕಾಲೇಜು ಹಾಸ್ಟೆಲಿನ ಅಡುಗೆಮನೆಯಲ್ಲಿ ಚಪಾತಿ ಮಾಡುವವಳು. ನನಗೆ ಉಪ್ಪಿಟ್ಟು ಕೊಟ್ಟು, ಎದುರಿಗೇ ಕೂತು, ನನ್ನ ಯಂತ್ರದ ಬಗ್ಗೆ ತನಗಿರುವ ಅಭಿಪ್ರಾಯವನ್ನು ನೇರವಾಗಿ ಹೇಳಿದಳು. ಅವಳ ಜೊತೆಯ ಐದು ಜನ ಹೆಂಗಸರಿಗೆ ಹಾಸ್ಟೆಲಿನವರು ಕವಚ ತೊಡಿಸಿದ್ದರಂತೆ. ಈಗ ಐದು ಜನ ಸಾಲಾಗಿ ನಿಂತು ಲಟ್ಟಿಸಿದರೆ ಒಬ್ಬಳೇ ಐದು ಕಡೆ ನಿಂತ ಹಾಗೆ ಕಾಣುತ್ತದಂತೆ. ಕೈನೋವು ಯಾರಿಗೂ ಇಲ್ಲ, ಅದನ್ನೂ ಒಪ್ಪಿಕೊಂಡಳು.

ರಾಚಪ್ಪಾಜಿ ಒಪ್ಪಿಗೆ ಪತ್ರವನ್ನು ಪಕ್ಕಕ್ಕಿಟ್ಟು ಕೇಳಿದ:

"ಮೇಡಂ, ನಂದು ತಪ್ಪು ಹೊಡೆತವಾ?"

ತಪ್ಪಲ್ಲ, ನಿಮ್ಮ ದೇಹ ಅದನ್ನು ತಾಳುವುದಿಲ್ಲ ಎಂದೆ. ಅದು ಹೇಗೆ ಬಂತು ಎಂದು ವಿಚಾರಿಸಿದೆ. ಸೀಬೆ ಮರದ ಸೊಟ್ಟ ಕೊಂಬೆಯನ್ನು ಸ್ಟಿಕ್ಕು ಮಾಡಿಕೊಂಡು, ಮೆಂಬರುಗಳು ಕಳೆದುಕೊಂಡ ಚೆಂಡುಗಳನ್ನು ಬತ್ತಿದ ಕೆರೆಯ ಅಂಗಳದಲ್ಲಿ ಹೊಡೆಯುತ್ತಿದ್ದನಂತೆ. ಕೊಂಬೆ ಸೊಟ್ಟಗಿದ್ದದ್ದಕ್ಕೆ ಮೈಯೂ ಅದಕ್ಕೆ ತಕ್ಕಂತೆ ತಿರುಗುವುದನ್ನು ಕಲಿತಿತು, ಸ್ಟಿಕ್ಕು ನೆಟ್ಟಗಾದ ಮೇಲೂ ಮೈ ಬದಲಾಗಲಿಲ್ಲ ಎಂದ. "ಅದು ತಾನಾಗೇ ಬತ್ತದೆ ಮೇಡಂ. ಹೆಂಗೆ ಅಂತ ಕೇಳುದ್ರೆ ನಂಗೆ ಹೇಳಕ್ಕೆ ಬರಲ್ಲ."

ಹನ್ನೆರಡು ದಿನ ಅವನಿಗೆ ತೀರ್ಮಾನ ಮಾಡಲಾಗಲಿಲ್ಲ. ದಿನಕ್ಕೊಂದು ಸಲ ಫೋನು ಮಾಡಿ ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದ. ಇರುವುದನ್ನು ಇಟ್ಟುಕೊಂಡರೆ ಮೂರು ವರ್ಷ. ಬಿಟ್ಟರೆ ಇಪ್ಪತ್ತು ವರ್ಷ, ಆದರೆ ಆಡುವವನು ಯಾರು? ಹದಿಮೂರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದೆ ಮಾದೇವಿಯೇ ಅವನನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿದಳಂತೆ. ಆ ದಿನವೇ ಬಂದು ಸಹಿ ಹಾಕಿದ. ಹಾಕುವ ಮೊದಲು ಮೂರನೇ ಪುಟ ತೆಗೆಸಿ, ನನ್ನ ಆ ಸಾಲಿನ ಮೇಲೆ ಬೆರಳಿಟ್ಟು, ಇದು ನಿಜವಾ ಎಂದು ಕೇಳಿದ. ನಿಜ ಎಂದೆ. ಸುಳ್ಳು ಹೇಳಿದೆನೆಂದು ನನಗೆ ಗೊತ್ತಿರಲಿಲ್ಲ.

ಇಪ್ಪತ್ತೊಂದು ದಿನದ ಪಾಠ ಯಾವ ತಕರಾರೂ ಇಲ್ಲದೆ ಮುಗಿಯಿತು. ಒಂದೂವರೆ ತಿಂಗಳಲ್ಲಿ ಸೊಂಟನೋವು ಪೂರ್ತಿ ಹೋಯಿತು. ಹೊಸ ಸ್ವಿಂಗು ನೋಡಿ ಕರ್ನಲ್ ಕುಣಿದಾಡಿದರು. ಚೆಂಡು ನೂಲು ಹಿಡಿದಂತೆ ನೇರ ಹೋಗುತ್ತಿತ್ತು. ಆದರೆ ಆಮೇಲಿನ ಮೂರು ಪಂದ್ಯಗಳಲ್ಲೂ ಅವನು ಕೊನೆಯ ಸುತ್ತಿಗೆ ಅರ್ಹನಾಗಲಿಲ್ಲ. ಆಟದಲ್ಲಿ ತಪ್ಪೇ ಇರಲಿಲ್ಲ. ಎದುರಿಗೆ ಮರ ಬಂದರೆ, ಗಾಳಿ ಅಡ್ಡ ಬೀಸಿದರೆ, ನೇರ ಹೊಡೆತ ಒಂದನ್ನು ಬಿಟ್ಟು ಅವನ ಹತ್ತಿರ ಬೇರೇನೂ ಇರಲಿಲ್ಲ. ಅಂಥ ನೇರ ಹೊಡೆತದವರು ಆ ಮೈದಾನದಲ್ಲಿ ಇನ್ನೂ ತೊಂಬತ್ತು ಜನ ಇದ್ದರು.

ಅವನು ಸೋಲಿನ ಬಗ್ಗೆ ನನ್ನ ಹತ್ತಿರ ದೂರಲಿಲ್ಲ. ಪರೀಕ್ಷೆಗೆ ಬಂದಾಗ ಒಮ್ಮೆ ಮಾತ್ರ, ಚೆಂಡು ಹೊಡೆಯುವಾಗ ತಾನು ಪಕ್ಕದಲ್ಲಿ ಚೀಲ ಹೊತ್ತು ನಿಂತು ಯಾರದೋ ಆಟ ನೋಡುತ್ತಿರುವ ಹಾಗೆ ಆಗುತ್ತದೆ ಎಂದ. ಮತ್ತೆ ಕ್ಯಾಡಿಯಾದ ಹಾಗೆ, ಎಂದು ನಕ್ಕ. ನಾಲ್ಕನೇ ತಿಂಗಳಲ್ಲಿ ಬಂದು, ಬೆನ್ನು ಹೋದರೆ ಹೋಗಲಿ, ನನ್ನದನ್ನು ನನಗೆ ಕೊಟ್ಟುಬಿಡಿ ಎಂದು ಕೇಳಿಕೊಂಡ. ಮಾದೇವಿಯೂ ಜೊತೆಗಿದ್ದಳು. ಆ ತಿಂಗಳುಗಳಲ್ಲಿ ಮನೆಯಲ್ಲಿ ಇವನು ಊಟಕ್ಕೆ ಕೂತರೂ ಎದ್ದರೂ ಗೊತ್ತಾಗದಷ್ಟು ಮೌನವಾಗಿಬಿಟ್ಟಿದ್ದಾನೆ, ನೋವಿದ್ದಾಗ ಕೂಗಾಡುತ್ತಿದ್ದದ್ದೇ ವಾಸಿಯಿತ್ತು ಎಂದಳು.

ನಾನು ಧೈರ್ಯ ತುಂಬಿ ಕೆಲಸ ಶುರು ಮಾಡಿದೆ. ಮೂಲಪ್ರತಿಯನ್ನು ಕವಚಕ್ಕೆ ತುಂಬಿ, ಮೂಗಿಗೆ ಔಷಧ ಸಿಂಪಡಿಸಿ, ಹನ್ನೆರಡು ದಿನ ಹಳೆಯದನ್ನೇ ಪಾಠ ಮಾಡಿಸಿದೆವು. ಹದಿಮೂರನೇ ದಿನ ಕವಚ ಕಳಚಿ, ಬಲೆಯ ಎದುರು ಅವನು ಒಂದು ಚೆಂಡು ಹೊಡೆದ. ಪರದೆಯ ಮೇಲೆ ಹೋಲಿಕೆ ನೂರಕ್ಕೆ ತೊಂಬತ್ತೊಂಬತ್ತು ಎಂದು ಬಂತು. ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗಿಯರು ಚಪ್ಪಾಳೆ ತಟ್ಟಿದರು. ರಾಚಪ್ಪಾಜಿ ತನ್ನ ಕೈಗಳನ್ನೇ ನೋಡುತ್ತ ನಿಂತಿದ್ದ.

ಇದಲ್ಲ ಎಂದ. ಇನ್ನೊಂದು ಹೊಡೆದ. ಇದಲ್ಲ. ಮತ್ತೆ ಹತ್ತು ಹೊಡೆದ. ಶೇಷಗಿರಿಯವರು ಬಂದು, ಅಂಕಿಅಂಶ ಸುಳ್ಳು ಹೇಳುವುದಿಲ್ಲ, ನೆನಪು ಕೈಕೊಡುತ್ತದೆ, ಕಳೆದುಕೊಂಡಿದ್ದು ಯಾವಾಗಲೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹದಿನೈದು ದಿನ ಆಡಿದರೆ ಒಗ್ಗುತ್ತದೆ ಎಂದು ಸಮಾಧಾನ ಮಾಡಿದರು. ನಾನೂ ಹೂಗುಟ್ಟಿದೆ. ಗೋಡೆಯ ಪಕ್ಕದ ಸೋಫಾದಲ್ಲಿ ಕೂತಿದ್ದ ಮಾದೇವಿ ಎದ್ದು ಬಂದಳು.

"ಇದು ಸಾಹೇಬ್ರುಗಳ ಮುಂದೆ ಹೊಡೆಯೋದು ಮೇಡಮ್ಮೋರೆ," ಎಂದಳು. "ಇವರದ್ದು ಇದಲ್ಲ."

ನನಗೆ ಅರ್ಥವಾಗಲಿಲ್ಲ. ರಾಚಪ್ಪಾಜಿಯ ಮುಖ ಮಾತ್ರ ಬಿಳಿಚಿಕೊಂಡಿತು. ಅವಳೇ ಬಿಡಿಸಿ ಹೇಳಿದಳು. ಕ್ಯಾಡಿಗಳಲ್ಲಿ ಒಂದು ರೂಢಿಯಿದೆಯಂತೆ. ಮೆಂಬರು "ಒಂದು ಹೊಡೆದು ತೋರಿಸೋ" ಅಂದರೆ ಹೊಡೆಯಬೇಕು, ಆದರೆ ಅವರಿಗಿಂತ ದೂರ ಹೊಡೆಯಬಾರದು. ತನ್ನ ರೀತಿಯಲ್ಲೂ ಹೊಡೆಯಬಾರದು, ಅದು ತಲೆಹರಟೆ ಎನಿಸಿಕೊಳ್ಳುತ್ತದೆ. ಪುಸ್ತಕದಲ್ಲಿರುವಂತೆ, ಅರ್ಧ ಮೈ ತಿರುಗಿಸಿ, ತಡೆದು, ಅಚ್ಚುಕಟ್ಟಾಗಿ ಒಂದು ಹೊಡೆದು, ಸ್ಟಿಕ್ಕು ಒರೆಸಿ ಕೈಕಟ್ಟಿ ನಿಲ್ಲಬೇಕು. ಹೀಗೆ ಮಾಡದ ಕ್ಯಾಡಿಗೆ ಮರುದಿನ ಯಾರೂ ಚೀಲ ಕೊಡುವುದಿಲ್ಲ. ಬೆಳಿಗ್ಗೆ ಪಾಠ ಹೇಳಿಕೊಡುವಾಗಲೂ ಇವನು ಹೊಡೆಯುವುದು ಅದೇ ಹೊಡೆತ. ಮೈದಾನದಲ್ಲಿ ಪಂದ್ಯ ಆಡುವಾಗ ಮಾತ್ರ ತನ್ನದು.

"ಬೇಕಂತ ಹೊಡೀಲಿಲ್ಲ ಮೇಡಂ," ಎಂದ ರಾಚಪ್ಪಾಜಿ. "ಅವತ್ತು ಕರ್ನಲ್ ಸಾಹೇಬ್ರು ಕೂತಿದ್ರಲ್ಲ. ಮೈಯೇ ಹಂಗೆ ಹೊಡೀತು. ನಂಗೇ ತಿಳೀಲಿಲ್ಲ."

ಮಾದೇವಿ ತನ್ನ ಫೋನು ತೆಗೆದು ನಲವತ್ತು ಸೆಕೆಂಡಿನ ಒಂದು ವಿಡಿಯೊ ತೋರಿಸಿದಳು. ಎರಡು ವರ್ಷ ಹಿಂದೆ ಕೆರೆಯಂಗಳದಲ್ಲಿ ತೆಗೆದದ್ದು. ಅವನೊಬ್ಬನೇ. ಐದು ಹೊಡೆತ. ನನಗೆ ಗಾಲ್ಫ್ ಬರುವುದಿಲ್ಲ ಎಂದೆನಲ್ಲ, ಆದರೂ ಕಣ್ಣಲ್ಲಿ ನೀರು ಬಂತು. ಇಡೀ ಮನುಷ್ಯ ಕಾಲ ಹೆಬ್ಬೆರಳಿನಿಂದ ಸುತ್ತಿಕೊಂಡು, ಎಲ್ಲೂ ನಿಲ್ಲದೆ, ಬಿಚ್ಚಿಕೊಳ್ಳುತ್ತಿದ್ದ. ಹೊಡೆದಾದ ಮೇಲೆ ಕೂಗುತ್ತಿದ್ದ. ನಮ್ಮ ಕಪಾಟಿನಲ್ಲಿದ್ದ ಮೂಲಪ್ರತಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ವಿಡಿಯೊದಿಂದ ಅದನ್ನು ಮತ್ತೆ ಕಟ್ಟಲು ಮೂರು ವಾರ ಒದ್ದಾಡಿದೆವು. ಆಗಲಿಲ್ಲ. ವಿಡಿಯೊ ತೋರಿಸುವುದು ಮೈಯ ಆಕಾರವನ್ನು. ಕವಚಕ್ಕೆ ಬೇಕಾದದ್ದು ಒಳಗಿನ ಬಿಗಿತದ ಕ್ರಮ. ಒಂದೇ ಆಕಾರವನ್ನು ನೂರು ಬಗೆಯ ಬಿಗಿತಗಳಿಂದ ಮಾಡಬಹುದು. ನಾವು ಊಹಿಸಿ ತುಂಬಿದ ಎರಡು ಪ್ರತಿಗಳನ್ನು ಅವನ ಮೇಲೆ ಪ್ರಯೋಗಿಸಿದೆವು. ಮೊದಲನೆಯದರಲ್ಲಿ ಅವನು ಚೆಂಡನ್ನೇ ಮುಟ್ಟಲಿಲ್ಲ. ಎರಡನೆಯದರಲ್ಲಿ ಭುಜ ಹಿಡಿದುಕೊಂಡು ಕೂತುಬಿಟ್ಟ. ಕಿರುಮೆದುಳಿನ ಒಂದೇ ಜಾಗವನ್ನು ಇನ್ನು ಮೆತ್ತಗೆ ಮಾಡುವಂತಿಲ್ಲ, ಮುಂದೆ ಊಟದ ತಟ್ಟೆ ಎತ್ತುವುದೂ ಮರೆತೀತು ಎಂದು ವೈದ್ಯರು ನಿಲ್ಲಿಸಿದರು. ಇನ್ನೊಂದೇ ಸಲಕ್ಕೆ ಅವರನ್ನು ಒಪ್ಪಿಸಿ, ನಮ್ಮಿಂದ ಸಾಧ್ಯವಿದ್ದ ಒಂದೇ ಒಂದನ್ನು, ಕಲಿಕೆಯ ಸ್ವಿಂಗನ್ನು, ಮತ್ತೆ ಕೂರಿಸಿ ಕೊಟ್ಟೆವು. ಅದೊಂದು ಮಾತ್ರ ಸರಾಗವಾಗಿ ಕೂತಿತು.

ಇಷ್ಟಕ್ಕೇ ಮುಗಿದಿದ್ದರೆ ತಪ್ಪು ನಮ್ಮ ದಾಖಲೆಯದು ಎಂದುಕೊಂಡು ಹೇಗೋ ಬದುಕಿಕೊಳ್ಳುತ್ತಿದ್ದೆ. ಆದರೆ ಕಡತ ಮುಚ್ಚುವ ಮೊದಲು ಮೊದಲ ವರದಿಯನ್ನು ಇನ್ನೊಮ್ಮೆ ಓದಿದೆ. 'ಅರ್ಧ ದಾರಿಯಲ್ಲಿ ತಡೆದು' ಎಂಬಲ್ಲಿಗೆ ಬಂದಾಗ ಮಾದೇವಿ ಹೇಳಿದ್ದು ನೆನಪಾಯಿತು. ಬೆನ್ನು ಮುರಿಯುತ್ತದೆಂದು ಯಂತ್ರ ತೀರ್ಪು ಕೊಟ್ಟದ್ದು ಸಾಹೇಬರ ಮುಂದಿನ ಹೊಡೆತಕ್ಕೆ. ಕೆರೆಯಂಗಳದ ಹೊಡೆತವನ್ನು ಅದು ನೋಡಿಯೇ ಇರಲಿಲ್ಲ. ವಿಡಿಯೊದ ಆಕಾರವನ್ನಷ್ಟೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಉತ್ತರ ಖಚಿತವಾಗಿ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ. ಆದರೆ ಹತ್ತು ಲೆಕ್ಕದಲ್ಲಿ ಎಂಟು, ಆ ಹೊಡೆತದಿಂದ ಬೆನ್ನಿಗೆ ಏನೂ ಆಗುತ್ತಿರಲಿಲ್ಲ ಎಂದವು. ಅವನ ಸೊಂಟ ನೋಯುತ್ತಿದ್ದದ್ದು ಬಹುಶಃ ಪ್ರತಿದಿನ ಬೆಳಿಗ್ಗೆ ಮೆಂಬರುಗಳಿಗೆ ಹೇಳಿಕೊಡುವಾಗ ಮೈಯನ್ನು ಹಿಡಿದು ಹಿಡಿದು ಹೊಡೆದದ್ದರಿಂದ. ಅದನ್ನು ಬಿಟ್ಟಿದ್ದರೆ ಸಾಕಿತ್ತು. ಕವಚವೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ.

ಕಾಗದ ಹಿಡಿದು ಶೇಷಗಿರಿಯವರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಿಂಚಿ ಹೋದ ಕಾರ್ಯ, ಅಹಲ್ಯಾ," ಎಂದರು. "ಇದನ್ನ ಹೇಳಿ ಅವನಿಗೇನು ಕೊಟ್ಟ ಹಾಗಾಯ್ತು? ಬೆನ್ನು ಉಳೀತು ಅನ್ನೋ ಸಮಾಧಾನನಾದ್ರೂ ಅವನ ಹತ್ರ ಇದೆ. ಅದನ್ನೂ ಕಿತ್ಕೊಂಡು ಬರ್ತೀರಾ?"

ಕಾಗದ ಎತ್ತಿಕೊಂಡು ಹೊರಗೆ ಬಂದೆ. ನಾಲ್ಕು ದಿನ ಅದನ್ನೇ ಯೋಚಿಸಿದೆ. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು, ನನ್ನ ವಿಷಯವಾಗಿದ್ದರೆ ನನಗೆ ತಿಳಿಯಬೇಕು ಅನ್ನಿಸುತ್ತಿತ್ತು, ತಿಳಿದ ಮೇಲೆ ಯಾಕಾದರೂ ತಿಳಿಯಿತೋ ಅನ್ನಿಸುತ್ತಿತ್ತು ಎಂದರು. ಅದರಿಂದಲೂ ದಾರಿ ಕಾಣಲಿಲ್ಲ. ಕೊನೆಗೆ, ಅವನಿಂದ ತೆಗೆದುಕೊಂಡದ್ದರ ಜೊತೆಗೆ ಅವನ ವಿಷಯದ ಸತ್ಯವನ್ನೂ ನಾವೇ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಹೊರಟೆ. ಅಥವಾ ಅದನ್ನು ಒಬ್ಬಳೇ ಹೊರಲಾರದೆ ಹೋದೆನೇನೋ. ಎರಡರಲ್ಲಿ ಯಾವುದೆಂದು ನನಗೂ ಗೊತ್ತಿಲ್ಲ.

ಅವರ ಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ ನನ್ನನ್ನು ಕೂರಿಸಿ, ರಾಚಪ್ಪಾಜಿ ಎದುರಿಗೆ ನಿಂತ. ಕೂತುಕೊಳ್ಳಿ ಎಂದು ಎರಡು ಸಲ ಹೇಳಿದರೂ ಕೂರಲಿಲ್ಲ. ಮಾದೇವಿ ಬಾಗಿಲಲ್ಲಿದ್ದಳು. ನಾನು ಯಾವುದನ್ನೂ ಮುಚ್ಚಿಡದೆ, ಸುತ್ತಿ ಬಳಸದೆ, ಹೇಳಿದೆ. ಯಂತ್ರ ನೋಡಿದ್ದು ಬೇರೆ ಹೊಡೆತವನ್ನು. ನಿಮ್ಮ ಹೊಡೆತದಿಂದ ನಿಮ್ಮ ಬೆನ್ನಿಗೆ ಬಹುಶಃ ಏನೂ ಆಗುತ್ತಿರಲಿಲ್ಲ. ನಾವು ಅದನ್ನು ಸುಮ್ಮನೆ ತೆಗೆದುಬಿಟ್ಟೆವು. ಇನ್ನು ಅದು ಬರುವುದಿಲ್ಲ.

ಮಾದೇವಿ ಒಳಗೆ ಹೋದಳು. ಪಾತ್ರೆಯೊಂದು ಉರುಳಿದ ಸದ್ದಾಯಿತು, ಆಮೇಲೆ ಅವಳು ಅಳುವುದು ಕೇಳಿಸಿತು. ರಾಚಪ್ಪಾಜಿ ನನ್ನ ಮುಖ ನೋಡಿ ಮೆಲ್ಲಗೆ ನಕ್ಕ.

"ಬುಡಿ ಮೇಡಂ," ಎಂದ. "ನೀವೇನು ಬೇಕಂತ ಮಾಡುದ್ರಾ? ನನ್ನ ಬೆನ್ನು ವಾಸಿ ಆಯ್ತಲ್ಲ, ಅಷ್ಟೇ ಸಾಕು. ಬಿಸಿಲಲ್ಲಿ ಬಂದಿದ್ದೀರಿ, ನೀರು ಕುಡೀರಿ."

ಅವನು ಬೈದಿದ್ದರೆ ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಹೊಡೆದಿದ್ದರೂ ತಡೆಯುತ್ತಿರಲಿಲ್ಲ. ಈ ಮಾತಿಗೆ ನಾನು ತಯಾರಿರಲಿಲ್ಲ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ, ನನಗೆ ನೋವಾಗದಂತೆ ಅಳೆದು ಆಡಿದ ಮಾತು. ಅದು ಅವನ ಮನಸ್ಸಿನಿಂದ ಬಂದದ್ದೋ, ಇಪ್ಪತ್ತೆರಡು ವರ್ಷ ನಮ್ಮಂಥವರ ಮುಂದೆ ನಿಂತು ರೂಢಿಯಾದದ್ದೋ ಎಂದು ಅವನ ಮುಖವನ್ನು ಎಷ್ಟು ಹುಡುಕಿದರೂ ನನಗೆ ಗೊತ್ತಾಗಲಿಲ್ಲ. ಅವನಿಗಾದರೂ ಗೊತ್ತಿತ್ತೋ ಇಲ್ಲವೋ. ನೀರು ಕುಡಿದು ಲೋಟ ಕೊಟ್ಟೆ. ಒಳಗೆ ಅಳು ನಡೆದೇ ಇತ್ತು. ನಾನು ರಸ್ತೆಯ ತಿರುವು ದಾಟುವವರೆಗೂ ರಾಚಪ್ಪಾಜಿ ಒಳಗೆ ಹೋಗದೆ, ಬಾಗಿಲ ಮುಂದೆ ಕೈಕಟ್ಟಿ ನಿಂತಿದ್ದ.